ಹತ್ತು ಪ್ರಶ್ನೆಗಳಲ್ಲಿ ಒಂದು ನಾಡು

ಕಾವ್ಯ, ಕಾದಂಬರಿ, ನಾಟಕಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ಪ್ರಶ್ನೆಪತ್ರಿಕೆಯನ್ನು ಯಾರೂ ವಿಮರ್ಶಿಸುವುದಿಲ್ಲ. ಅದಕ್ಕೆ ಉತ್ತರ ಬರೆಯುತ್ತೇವೆ, ಅಂಕ ಬಂದ ಮೇಲೆ ಮರೆತುಬಿಡುತ್ತೇವೆ. ಆದರೆ ಪ್ರಶ್ನೆಯೂ ಒಂದು ಬರವಣಿಗೆಯೇ ಅಲ್ಲವೆ? ಕೇಳುವವನು ಯಾವುದನ್ನು ಮುಖ್ಯವೆಂದು ಬಗೆದಿದ್ದಾನೆ, ಯಾವುದನ್ನು ಕೇಳಲು ಹಿಂಜರಿಯುತ್ತಾನೆ, ಎದುರಿಗೆ ಕುಳಿತವನನ್ನು ಯಾವ ಕಣ್ಣಿನಿಂದ ನೋಡುತ್ತಾನೆ—ಇವೆಲ್ಲ ಪ್ರಶ್ನೆಯ ಮಾತಿನಲ್ಲಿ ತಾವಾಗಿಯೇ ಹೊರಬೀಳುತ್ತವೆ. ಹೊರಗಿನಿಂದ ಬಂದವನನ್ನು ತನ್ನವನನ್ನಾಗಿ ಮಾಡಿಕೊಳ್ಳುವ ಮುನ್ನ ಒಂದು ದೇಶ ಕೇಳುವ ಪ್ರಶ್ನೆಗಳಾದರಂತೂ ಹೇಳಬೇಕಾದ್ದೇ ಇಲ್ಲ. ಅಲ್ಲಿ ದೇಶವು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಿರುತ್ತದೆ.

ಇಂಥ ಪ್ರಶ್ನೆಗಳ ಸಂಗ್ರಹವೊಂದು ಈಗ ಶಿವಮೊಗ್ಗೆಯ ಕೆಲವು ಮನೆಗಳಿಗೂ ಪರಿಚಿತವಾಗಿದೆ. ಇಲ್ಲಿಯೂ ಭದ್ರಾವತಿಯಲ್ಲಿಯೂ ಶಾಲೆ ಕಾಲೇಜು ಮುಗಿಸಿ, ಎಂಜಿನಿಯರಿಂಗ್ ಓದಿ, ಜರ್ಮನಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಅಲ್ಲಿಯೇ ಸಂಸಾರ ಹೂಡಿದ್ದಾರೆ. ಕೆಲವರು ಆ ದೇಶದ ಪೌರತ್ವಕ್ಕೆ ಅರ್ಜಿ ಹಾಕುವ ಹಂತಕ್ಕೆ ಬಂದಿದ್ದಾರೆ. ೨೦೨೪ರ ಜೂನ್ ೨೭ರಂದು ಜಾರಿಗೆ ಬಂದ ಕಾನೂನು, ಅಲ್ಲಿ ೮ ವರ್ಷ ವಾಸವಾಗಿರಬೇಕೆಂಬ ನಿಯಮವನ್ನು ೫ ವರ್ಷಕ್ಕೆ ಇಳಿಸಿತು. ಹಳೆಯ ಪೌರತ್ವವನ್ನು ತ್ಯಜಿಸಬೇಕೆಂಬ ಷರತ್ತನ್ನೂ ತೆಗೆದುಹಾಕಿತು. ಆದರೆ ಜರ್ಮನಿ ‘ಬಿಡಬೇಕಾಗಿಲ್ಲ’ ಎಂದರೂ ಭಾರತ ‘ಬಿಡು’ ಎನ್ನುತ್ತದೆ. ನಮ್ಮ ಕಾನೂನಿನ ಪ್ರಕಾರ ತಾನಾಗಿ ಬೇರೆ ದೇಶದ ಪೌರತ್ವವನ್ನು ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ಸಾಗರೋತ್ತರ ಭಾರತೀಯನೆಂಬ ಕಾರ್ಡು ದೊರೆಯುತ್ತದೆ. ಊರಿಗೆ ಬಂದುಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ಮತವಿಲ್ಲ. ತಂದೆಯ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬರಬಹುದು. ಪಕ್ಕದ ತೋಟ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ. ಹೀಗೆ ಒಂದು ಗಂಟೆಯ ಆ ಪರೀಕ್ಷೆಯ ಆಚೆ ಬದಿಯಲ್ಲಿ ಒಂದು ಬಾಂಧವ್ಯದ ಕಾನೂನುಬದ್ಧ ಕೊನೆಯೂ ಕಾದಿರುತ್ತದೆ. ಮಗನೋ ಮಗಳೋ ಏನನ್ನು ಓದಿ ಬೇರೆ ದೇಶದವರಾಗುತ್ತಿದ್ದಾರೆ ಎಂದು ಇಲ್ಲಿನ ತಾಯಿತಂದೆಯರಿಗೆ ಕುತೂಹಲ ಹುಟ್ಟುವುದು ಸಹಜ.

ಪರೀಕ್ಷೆಯ ಸ್ವರೂಪ ಹೀಗಿದೆ. ೨೦೦೮ರ ಸೆಪ್ಟೆಂಬರ್ ೧ರಿಂದ ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಶ್ನೆಗಳನ್ನು ಸಿದ್ಧಪಡಿಸಿದರು. ಸಾಮಾನ್ಯ ಪ್ರಶ್ನೆಗಳು ೩೦೦. ಇವಲ್ಲದೆ ದೇಶದ ೧೬ ರಾಜ್ಯಗಳಲ್ಲಿ ಒಂದೊಂದಕ್ಕೂ ಹತ್ತು ಹತ್ತು ಪ್ರಶ್ನೆಗಳು. ಅರ್ಜಿದಾರನು ಆ ಮುನ್ನೂರನ್ನೂ ತಾನು ವಾಸಿಸುವ ರಾಜ್ಯದ ಹತ್ತನ್ನೂ ಓದಿಕೊಂಡು ಹೋಗಬೇಕು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳು, ಅವುಗಳಲ್ಲಿ ಒಂದು ಸರಿ. ಪರೀಕ್ಷೆಯ ದಿನ ೩೩ ಪ್ರಶ್ನೆಗಳು ಬರುತ್ತವೆ: ೩೦ ಸಾಮಾನ್ಯ, ೩ ರಾಜ್ಯಕ್ಕೆ ಸಂಬಂಧಿಸಿದವು. ಕಾಲಾವಕಾಶ ೬೦ ನಿಮಿಷ. ೧೭ ಸರಿಯಾದರೆ ತೇರ್ಗಡೆ. ಶುಲ್ಕ ೨೫ ಯೂರೋ. ಎಲ್ಲ ಪ್ರಶ್ನೆಗಳೂ ಮೊದಲೇ ಬಹಿರಂಗ. ಗುಟ್ಟೆಂಬುದು ಏನೂ ಇಲ್ಲ. ಜರ್ಮನ್ ಭಾಷೆ ಬರುತ್ತದೆಯೆಂಬುದಕ್ಕೆ ಬೇರೆ ಪ್ರಮಾಣಪತ್ರ ಒದಗಿಸಬೇಕು; ಆದ್ದರಿಂದ ಇದು ಭಾಷೆಯ ಪರೀಕ್ಷೆಯಲ್ಲ, ತಿಳಿವಳಿಕೆಯ ಪರೀಕ್ಷೆ.

ಈ ಲೇಖನದ ವಸ್ತು ಆ ರಾಜ್ಯದ ಹತ್ತು ಪ್ರಶ್ನೆಗಳು. ನೈರುತ್ಯ ಮೂಲೆಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವನ್ನೇ ತೆಗೆದುಕೊಳ್ಳೋಣ. ಸ್ಟುಟ್‌ಗಾರ್ಟ್ ಅದರ ರಾಜಧಾನಿ. ಮೋಟಾರು ತಯಾರಿಕೆಯ ನಾಡಾದ್ದರಿಂದ ನಮ್ಮ ಎಂಜಿನಿಯರುಗಳಿಗೂ ಪರಿಚಿತವಾದ ಊರು. ಆ ರಾಜ್ಯದ ಲಾಂಛನ ಯಾವುದು? ಧ್ವಜದ ಬಣ್ಣಗಳು ಯಾವುವು? ರಾಜಧಾನಿ ಯಾವುದು? ಕೆಳಗಿನ ಹೆಸರುಗಳಲ್ಲಿ ಈ ರಾಜ್ಯದ ಜಿಲ್ಲೆ ಯಾವುದು? ಶಾಸನಸಭೆಗೆ ಎಷ್ಟು ವರ್ಷಕ್ಕೊಮ್ಮೆ ಚುನಾವಣೆ? ಊರಿನ ಸ್ಥಳೀಯ ಚುನಾವಣೆಯಲ್ಲಿ ಎಷ್ಟನೆಯ ವಯಸ್ಸಿನಿಂದ ಮತ ಹಾಕಬಹುದು? ಸರ್ಕಾರದ ಮುಖ್ಯಸ್ಥನನ್ನು ಏನೆಂದು ಕರೆಯುತ್ತಾರೆ? ಯಾವ ಖಾತೆಯ ಸಚಿವರು ರಾಜ್ಯದಲ್ಲಿ ಇರುವುದಿಲ್ಲ? ರಾಜಕೀಯ ವಿಷಯಗಳನ್ನು ತಿಳಿಯಲು ಎಲ್ಲಿಗೆ ಹೋಗಬೇಕು?—ಹೀಗೆ ಸಾಗುತ್ತದೆ ಪಟ್ಟಿ. ಉತ್ತರಗಳೂ ಅಷ್ಟೇ ಸರಳ: ಮೂರು ಕಪ್ಪು ಸಿಂಹಗಳ ಲಾಂಛನ, ಕಪ್ಪು ಮತ್ತು ಹೊನ್ನಿನ ಬಣ್ಣ, ಐದು ವರ್ಷ, ಹದಿನಾರನೆಯ ವಯಸ್ಸು, ವಿದೇಶಾಂಗ ಸಚಿವ. ಬೇರೆ ರಾಜ್ಯಗಳ ಹತ್ತುಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವು. ಹೆಸರು, ಬಣ್ಣ, ಅಂಕೆ ಬದಲಾಗುತ್ತವೆ, ಅಷ್ಟೆ.

ಸಾಹಿತ್ಯದ ಅಭ್ಯಾಸವಿರುವವರಿಗೆ ಇದನ್ನು ನೋಡಿದೊಡನೆ ನಗು ಬಂದೀತು. ಇಷ್ಟೇನೆ ಒಂದು ನಾಡು? ಷಿಲ್ಲರ್ ಹುಟ್ಟಿದ ಮಾರ್ಬಾಖ್, ಹೆಗೆಲ್ ಹುಟ್ಟಿದ ಸ್ಟುಟ್‌ಗಾರ್ಟ್, ‘ಸಿದ್ಧಾರ್ಥ’ವನ್ನು ಬರೆದ ಹರ್ಮನ್ ಹೆಸ್ ಹುಟ್ಟಿದ ಕಾಲ್ವ್ ಎಲ್ಲವೂ ಈ ಒಂದೇ ರಾಜ್ಯದಲ್ಲಿವೆ. ನೆಕ್ಕರ್ ನದಿ ಹರಿಯುವುದು ಇಲ್ಲಿ. ಕಪ್ಪುಕಾಡೆಂದು ಲೋಕಪ್ರಸಿದ್ಧವಾದ ಅಡವಿ ಇರುವುದು ಇಲ್ಲಿ. ಈ ಹತ್ತರಲ್ಲಿ ಅವರಾರೂ ಇಲ್ಲ, ಅವೊಂದೂ ಇಲ್ಲ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಮೂವತ್ತು ಸಾಮಾನ್ಯ ಪ್ರಶ್ನೆಗಳಲ್ಲಿ ಹದಿನೇಳು ಸರಿಯಾದರೆ ಸಾಕು. ರಾಜ್ಯದ ಮೂರಕ್ಕೆ ಮೂರೂ ತಪ್ಪಾದರೂ ಅಡ್ಡಿಯಿಲ್ಲ. ಎಂದರೆ ಮೂರು ಸಿಂಹಗಳ ಗುರುತು ಹತ್ತದವನೂ ಆ ನಾಡಿನಲ್ಲಿದ್ದುಕೊಂಡೇ ಜರ್ಮನ್ ಪೌರನಾಗಬಲ್ಲ. ಪರೀಕ್ಷೆಗೆ ಕೂರುವವರು ಮಾತ್ರ ಈ ಹತ್ತನ್ನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡುತ್ತಾರಂತೆ. ಮುನ್ನೂರನ್ನು ಓದಿ ಮೂವತ್ತಕ್ಕೆ ಕಾಯುವುದಕ್ಕಿಂತ ಹತ್ತನ್ನು ಓದಿ ಮೂರಂಕ ಖಾತ್ರಿಮಾಡಿಕೊಳ್ಳುವುದು ಲಾಭ! ಅಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಹೇಳಿದ ಮಾತಿದು. ಅವರ ಸಿದ್ಧತೆಯೆಲ್ಲ ಎರಡು ಸಂಜೆಗಳಲ್ಲಿ ಮುಗಿಯಿತಂತೆ.

ಹಾಗಾದರೆ ಈ ಹತ್ತು ಪ್ರಶ್ನೆಗಳು ನಿರರ್ಥಕವೆಂದು ತೀರ್ಪು ಕೊಟ್ಟುಬಿಡಬಹುದೆ? ಹಾಗೆ ಮಾಡುವ ಮುನ್ನ ಇದೇ ವಿಷಯದಲ್ಲಿ ಆ ದೇಶದವರೇ ಹಿಂದೆ ಬರೆದ ಬೇರೆ ಎರಡು ಪಾಠಗಳನ್ನು ಓದುವುದು ಒಳ್ಳೆಯದು. ವಿಮರ್ಶೆಯೆಂದರೆ ಹೋಲಿಕೆಯೂ ಹೌದಲ್ಲವೆ?

ಮೊದಲನೆಯದು ಇದೇ ಬಾಡೆನ್-ವ್ಯುರ್ಟೆಂಬರ್ಗಿನದು. ೨೦೦೬ರ ಜನವರಿ ೧ರಿಂದ ಅಲ್ಲಿನ ಸರ್ಕಾರ ಪೌರತ್ವದ ಅಧಿಕಾರಿಗಳ ಕೈಗೆ ೩೦ ಪ್ರಶ್ನೆಗಳ ಒಂದು ಸಂಭಾಷಣಾ ಕೈಪಿಡಿಯನ್ನು ಕೊಟ್ಟಿತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂಬ ಮಾತಿಗೆ ನೀವು ಏನೆನ್ನುತ್ತೀರಿ? ಬೆಳೆದ ಮಗ ಬಂದು ತಾನು ಇನ್ನೊಬ್ಬ ಗಂಡಸಿನೊಡನೆ ಬಾಳಬೇಕೆಂದಿದ್ದೇನೆ ಎಂದರೆ ಏನು ಮಾಡುತ್ತೀರಿ?—ಇಂಥವು ಅಲ್ಲಿನ ಪ್ರಶ್ನೆಗಳು. ಅದು ಮುಖ್ಯವಾಗಿ ಮುಸ್ಲಿಂ ದೇಶಗಳಿಂದ ಬಂದ ಅರ್ಜಿದಾರರನ್ನು ಗುರಿಯಿಟ್ಟು ಮಾಡಿದ್ದೆಂದು ಭಾರಿ ಆಕ್ಷೇಪಣೆ ಎದ್ದಿತು. ಸರ್ಕಾರ ಬದಲಾದ ಮೇಲೆ ೨೦೧೧ರಲ್ಲಿ ಅದನ್ನು ಕೈಬಿಟ್ಟರು. ಪ್ರಶ್ನೆಗಳ ಹಿಂದಿರುವ ಮೌಲ್ಯಗಳು ಕೆಟ್ಟವೆಂದು ಯಾರೂ ಹೇಳಲಾರರು. ಗಂಡುಹೆಣ್ಣಿನ ಸಮಾನತೆಗೆ ಯಾರ ವಿರೋಧ? ಆದರೆ ಅಲ್ಲಿ ಕೇಳುವವನ ದೃಷ್ಟಿ ಅನುಮಾನದ ದೃಷ್ಟಿ. ಎದುರಿಗೆ ಕುಳಿತವನು ಮೊದಲೇ ಆರೋಪಿ. ಅವನು ಪ್ರಾಮಾಣಿಕನಾದರೆ ಸೋಲಬಹುದು, ಸುಳ್ಳುಗಾರನಾದರೆ ಗೆಲ್ಲಬಹುದು. ಅಂತಃಕರಣವನ್ನು ಅಳೆಯಲು ಹೊರಟ ಪರೀಕ್ಷೆ ಕೊನೆಗೆ ನಟನೆಯನ್ನು ಅಳೆಯುತ್ತದೆ.

ಎರಡನೆಯದು ನೆರೆಯ ಹೆಸ್ಸೆನ್ ರಾಜ್ಯ ೨೦೦೬ರ ಮಾರ್ಚ್ ತಿಂಗಳಲ್ಲಿ ಮುಂದಿಟ್ಟ ೧೦೦ ಪ್ರಶ್ನೆಗಳ ಪಟ್ಟಿ. ಇದರಲ್ಲಿ ಸಂಸ್ಕೃತಿ ತುಂಬಿ ತುಳುಕುತ್ತಿತ್ತು. ಜರ್ಮನಿಯ ಮೂರು ಮಧ್ಯಮ ಗಾತ್ರದ ಬೆಟ್ಟಸಾಲುಗಳನ್ನು ಹೆಸರಿಸಿರಿ. ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ ಎಂಬ ಚಿತ್ರಕಾರನು ರ್‍ಯುಗೆನ್ ದ್ವೀಪದ ಯಾವ ದೃಶ್ಯವನ್ನು ಚಿತ್ರಿಸಿದ್ದಾನೆ. ಕಾಸೆಲ್ ಊರಿನಲ್ಲಿ ನಡೆಯುವ ಕಲಾಪ್ರದರ್ಶನದ ಹೆಸರೇನು—ಇಂಥವು. ನಮ್ಮಂಥ ಅಧ್ಯಾಪಕರಿಗೆ ಮೊದಲ ನೋಟಕ್ಕೆ ಪ್ರಿಯವಾಗುವಂಥದು ಇದೇ. ಆದರೆ ಜರ್ಮನರಲ್ಲಿಯೇ ಎಷ್ಟು ಮಂದಿ ಇದಕ್ಕೆ ಉತ್ತರಿಸಿಯಾರು ಎಂಬ ಪ್ರಶ್ನೆ ತಕ್ಷಣವೇ ಎದ್ದಿತು. ಹುಟ್ಟಿದವನಿಗೆ ಬೇಡದ ಜ್ಞಾನ ಬಂದವನಿಗೆ ಮಾತ್ರ ಏಕೆ ಬೇಕು? ಸಂಸ್ಕೃತಿಯನ್ನು ಬಾಗಿಲ ಬಳಿ ಕಾವಲಿಗೆ ನಿಲ್ಲಿಸಿದರೆ ಚಿತ್ರಕಾರನಿಗೂ ಗೌರವವಿಲ್ಲ, ಅರ್ಜಿದಾರನಿಗೂ ಇಲ್ಲ. ಒಂದು ಚಿತ್ರವನ್ನು ನೋಡಿ ಸಂತೋಷಪಡುವುದಕ್ಕೂ ಅದರ ಹೆಸರನ್ನು ಭಯದಿಂದ ನೆನಪಿಟ್ಟುಕೊಳ್ಳುವುದಕ್ಕೂ ಇರುವ ಅಂತರ ಪಠ್ಯಪುಸ್ತಕ ಓದಿದವರಿಗೆಲ್ಲ ಗೊತ್ತು.

ಈ ಎರಡನ್ನೂ ಓದಿದ ಮೇಲೆ ೨೦೦೮ರ ಹತ್ತು ಪ್ರಶ್ನೆಗಳ ಕಡೆಗೆ ತಿರುಗಿದರೆ ಅವುಗಳ ಗುಣ ಕಾಣತೊಡಗುತ್ತದೆ. ಅವು ಮನಸ್ಸಿನೊಳಕ್ಕೆ ಕೈಹಾಕುವುದಿಲ್ಲ. ಓದಿದವನನ್ನು ಮೇಲಕ್ಕೂ ಓದದವನನ್ನು ಕೆಳಕ್ಕೂ ಕೂರಿಸುವುದಿಲ್ಲ. ಈ ಊರಿನಲ್ಲಿ ನಿನಗೆ ಯಾವ ವಯಸ್ಸಿಗೆ ಮತ ಬರುತ್ತದೆ, ಆ ಮತದಿಂದ ಎಷ್ಟು ವರ್ಷಕ್ಕೊಮ್ಮೆ ಯಾರನ್ನು ಬದಲಾಯಿಸಬಹುದು, ಸಂಗತಿಯನ್ನು ತಿಳಿಯಬೇಕಾದರೆ ಯಾವ ಬಾಗಿಲನ್ನು ತಟ್ಟಬೇಕು—ಇಷ್ಟನ್ನು ತಿಳಿದುಕೊ ಎನ್ನುತ್ತವೆ. ಸರ್ಕಾರಕ್ಕೆ ಸರ್ಕಾರದ ವಿಷಯ ಗೊತ್ತು. ತನಗೆ ಗೊತ್ತಿರುವುದನ್ನು ಮಾತ್ರ ಅದು ಕೇಳಿದೆ. ನಾಡಿನ ಹೊಳೆ, ಕಾಡು, ಕವಿಗಳ ಮೇಲೆ ಅದು ಅಧಿಕಾರ ಸ್ಥಾಪಿಸಲು ಹೋಗಿಲ್ಲ. ಪ್ರಶ್ನೆಗಳ ಗದ್ಯವನ್ನೂ ಮೆಚ್ಚಬೇಕು: ಚಿಕ್ಕ ವಾಕ್ಯ, ಬಳಕೆಯ ಮಾತು, ಬಲೆಯೊಡ್ಡುವ ಬುದ್ಧಿವಂತಿಕೆಯಿಲ್ಲ. ಈ ಪರೀಕ್ಷೆ ಚಿಕ್ಕದಾಗಿದೆ ಎಂಬುದು ಅದರ ಮೇಲಿನ ಆಕ್ಷೇಪಣೆಯಾಗಿತ್ತು. ಚಿಕ್ಕದಾಗಿರುವುದೇ ಅದರ ಸಭ್ಯತೆ ಎಂದು ನನಗೆ ತೋರುತ್ತದೆ.

ಒಂದು ಕೊರತೆಯನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಸಾಮಾನ್ಯ ಭಾಗದ ಮುನ್ನೂರು ಪ್ರಶ್ನೆಗಳಲ್ಲಿ ಆ ದೇಶ ತನ್ನ ಅಪರಾಧವನ್ನೂ ಮುಚ್ಚಿಡದೆ ಇಟ್ಟಿದೆ. ಹಿಟ್ಲರನ ಆಡಳಿತ, ಯೆಹೂದ್ಯರ ಕಗ್ಗೊಲೆ, ದೇಶ ಇಬ್ಭಾಗವಾದದ್ದು ಎಲ್ಲವೂ ಅಲ್ಲಿವೆ. ೨೦೨೪ರಲ್ಲಿ ಯೆಹೂದ್ಯರ ಬದುಕು ಮತ್ತು ಅವರ ಮೇಲಿನ ದ್ವೇಷವನ್ನು ಕುರಿತ ಪ್ರಶ್ನೆಗಳನ್ನು ಹೊಸದಾಗಿಯೂ ಸೇರಿಸಿದರು. ತನ್ನ ಮನೆಗೆ ಬರುವವನಿಗೆ ತನ್ನ ಕಲೆಯನ್ನೂ ತೋರಿಸುವ ಈ ನಡತೆ ದೊಡ್ಡದು. ರಾಜ್ಯದ ಹತ್ತರಲ್ಲಿ ಆ ನಡತೆ ಕಾಣುವುದಿಲ್ಲ. ಅಲ್ಲಿ ಲಾಂಛನ ಹೊಳೆಯುತ್ತದೆ. ಆ ನೆಲದ ಮೇಲೆ ಏನು ನಡೆಯಿತೆಂಬುದರ ನೆರಳು ಇಲ್ಲ. ಊರಿನ ಹತ್ತಿರಕ್ಕೆ ಬಂದಷ್ಟೂ ನೆನಪು ಮಂಕಾಗುವುದು ಎಲ್ಲ ಸರ್ಕಾರಗಳ ಸ್ವಭಾವವೋ ಏನೋ.

ಅದು ನಮ್ಮ ಸ್ವಭಾವವೂ ಹೌದೆಂಬುದನ್ನು ನೋಡಲು ಬಹು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗೆಯ ಯಾವ ಪುಸ್ತಕದಂಗಡಿಗೆ ಹೋದರೂ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳು ಸಾಲಾಗಿ ಕಾಣುತ್ತವೆ. ಕಾದಂಬರಿಗಳು ಹಿಂದಿನ ಕಪಾಟಿಗೆ ಸರಿದಿವೆ. ಅವುಗಳಲ್ಲಿ ನಮ್ಮ ಜಿಲ್ಲೆಗೂ ಒಂದು ಪುಟ ಇರುತ್ತದೆ. ಜೋಗ ಯಾವ ನದಿಯ ಜಲಪಾತ? ಶರಾವತಿ. ಶಿಸ್ತಿಗೆ ಹೆಸರಾದ ಕೆಳದಿಯ ದೊರೆ ಯಾರು? ಶಿವಪ್ಪ ನಾಯಕ. ಕಾಗೋಡು ಸತ್ಯಾಗ್ರಹ ನಡೆದ ವರ್ಷ? ೧೯೫೧. ಭದ್ರಾವತಿಯ ಹಳೆಯ ಹೆಸರು? ಬೆಂಕಿಪುರ. ಲಿಂಗನಮಕ್ಕಿ ಅಣೆಕಟ್ಟು ಯಾವ ನದಿಗೆ? ಮತ್ತೆ ಶರಾವತಿ. ಎಲ್ಲವೂ ನಿಜ, ಗೊತ್ತಿರಬೇಕಾದ್ದೇ. ಆದರೆ ಲಿಂಗನಮಕ್ಕಿಯ ನೀರಿನಡಿಯಲ್ಲಿ ಯಾರ ಮನೆ, ಯಾರ ಗದ್ದೆ ಹೋಯಿತೆಂದು ಯಾವ ಕೈಪಿಡಿಯೂ ಕೇಳುವುದಿಲ್ಲ. ಮುಳುಗಡೆಯ ಜನ ಎತ್ತಿನ ಗಾಡಿಗಳಲ್ಲಿ, ಲಾರಿಗಳಲ್ಲಿ ಎಲ್ಲಿಗೆ ಹೋದರು, ಅವರಿಗೆ ಕೊಟ್ಟ ಭೂಮಿಯ ಹಕ್ಕಿನ ಕಾಗದಗಳ ಗತಿಯೇನಾಯಿತು ಎಂದು ಕೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಸಾಗರದ ನಾ. ಡಿಸೋಜ ಅವರ ಕಾದಂಬರಿಗಳನ್ನು ಓದಬೇಕು. ೨೦೨೫ರ ಜನವರಿಯಲ್ಲಿ ತೀರಿಕೊಂಡ ಆ ಹಿರಿಯರು ಜೀವಮಾನದುದ್ದಕ್ಕೂ ಆ ಒಂದು ಪ್ರಶ್ನೆಯನ್ನು ಬಿಡದೆ ಕೇಳಿದವರು. ‘ದ್ವೀಪ’ ಯಾವ ಪರೀಕ್ಷೆಗೂ ಒಪ್ಪುವ ಉತ್ತರವನ್ನು ಕೊಡುವುದಿಲ್ಲ. ಓದಿ ಮುಗಿಸಿದ ಮೇಲೆ ದೀಪದ ಸ್ವಿಚ್ಚನ್ನು ಒತ್ತುವಾಗ ಒಂದು ಗಳಿಗೆ ಕೈ ತಡೆಯುತ್ತದೆ, ಅಷ್ಟೆ.

ಇನ್ನು ಒಂದೇ ಉತ್ತರವೆಂಬ ಕಟ್ಟುಪಾಡಿನ ತೊಂದರೆಗೂ ನಿದರ್ಶನ ನಮ್ಮಲ್ಲೇ ಉಂಟು. ಕುವೆಂಪು ಹುಟ್ಟಿದ ಊರು ಯಾವುದು? ಹತ್ತು ಜನರನ್ನು ಕೇಳಿದರೆ ಎಂಟು ಜನ ಕುಪ್ಪಳಿ ಎನ್ನುತ್ತಾರೆ. ೧೯೦೪ರ ಡಿಸೆಂಬರ್ ೨೯ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅದು ಈಗ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿಗೆ ಸೇರಿದೆ. ಪರೀಕ್ಷೆಯಲ್ಲಿ ಕುಪ್ಪಳಿ ಎಂದು ಗುರುತು ಹಾಕಿದವನಿಗೆ ಸೊನ್ನೆ. ಹಾಗೆಂದು ಆ ಎಂಟು ಜನ ಅಜ್ಞಾನಿಗಳೆ? ಕವಿಯ ಮನಸ್ಸು ಹುಟ್ಟಿದ್ದು ಯಾವ ಗುಡ್ಡದ ಮೇಲೆ ಎಂಬುದು ಅವರಿಗೆ ಗೊತ್ತಿದೆ. ಹೆರಿಗೆಯಾದ ಊರನ್ನು ಗುರುತಿಸುವ ಜ್ಞಾನಕ್ಕೂ ಬೆಳೆದ ಊರನ್ನು ಬಲ್ಲ ಜ್ಞಾನಕ್ಕೂ ಜಿಲ್ಲೆಯ ಗಡಿಯೇ ಅಡ್ಡ ಬಂದಿದೆ. ನಾಲ್ಕು ಉತ್ತರಗಳ ಪ್ರಶ್ನೆಗೆ ಇದು ಅರಿವಾಗುವ ಹಾಗಿಲ್ಲ.

ಪ್ರಶ್ನೆಯ ಭಾಷೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕರ್ನಾಟಕ ಲೋಕಸೇವಾ ಆಯೋಗವು ೨೦೨೪ರ ಆಗಸ್ಟ್ ೨೭ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ, ಇಂಗ್ಲಿಷಿನಿಂದ ಇಳಿಸಿದ ಕನ್ನಡ ಪ್ರಶ್ನೆಗಳು ತಪ್ಪುತಪ್ಪಾಗಿದ್ದು, ಕೊನೆಗೆ ಸರ್ಕಾರ ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಮರುಪರೀಕ್ಷೆ ಡಿಸೆಂಬರ್ ೨೯ರಂದು ನಡೆಯಿತು. ಕನ್ನಡದ ತಪ್ಪುಗಳು ಅಲ್ಲಿಯೂ ಬಂದು ಅಭ್ಯರ್ಥಿಗಳು ಬೀದಿಗಿಳಿದರು. ಅಂದು ಕುವೆಂಪು ಅವರ ಜನ್ಮದಿನ. ಪರದೇಶದವನಿಗೆ ಜರ್ಮನಿ ಅರ್ಥವಾಗುವ ಜರ್ಮನ್ನಿನಲ್ಲಿ ಪ್ರಶ್ನೆ ಕೇಳುತ್ತದೆ; ಹಳ್ಳಿಯಿಂದ ಬಂದು ಶಿವಮೊಗ್ಗೆಯ ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಓದಿದ ಕನ್ನಡದ ಹುಡುಗನಿಗೆ ಅವನ ರಾಜ್ಯ ಅರ್ಥವಾಗದ ಕನ್ನಡದಲ್ಲಿ ಕೇಳುತ್ತದೆ. ಯಾರು ಯಾರಿಗೆ ಪರಕೀಯರು?

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊರಗಿನವನನ್ನು ಒಳಗಿನವನೆಂದು ಎಣಿಸಲು ಪರೀಕ್ಷೆ ಬೇಕೆಂಬ ಮಾತು ಜರ್ಮನಿಗೆ ಮಾತ್ರ ಸೇರಿದ್ದಲ್ಲ. ೨೦೨೪ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಒಪ್ಪಿದ ಮಸೂದೆಯೊಂದು ಕಾರ್ಖಾನೆಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ೫೦ನ್ನೂ ಉಳಿದವುಗಳಲ್ಲಿ ೭೦ನ್ನೂ ಸ್ಥಳೀಯರಿಗೆ ಮೀಸಲಿಡಲು ಹೊರಟಿತ್ತು. ಸ್ಥಳೀಯ ಎಂದರೆ ಯಾರು? ಇಲ್ಲಿ ಹುಟ್ಟಿ, ಹದಿನೈದು ವರ್ಷ ವಾಸವಾಗಿದ್ದು, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು. ಶಾಲೆಯಲ್ಲಿ ಕನ್ನಡ ಕಲಿತ ಪ್ರಮಾಣಪತ್ರವಿಲ್ಲದಿದ್ದರೆ ಅವನು ಕನ್ನಡದ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕು. ಉದ್ಯಮಿಗಳ ಗದ್ದಲದಿಂದ ಎರಡು ಮೂರು ದಿನಗಳಲ್ಲಿಯೇ ಮಸೂದೆಯನ್ನು ತಡೆಹಿಡಿದರು. ಆದರೆ ಆ ಪ್ರಶ್ನೆ ಸತ್ತಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಹೋಟೆಲಿನಲ್ಲಿ ದಿನಕ್ಕೊಮ್ಮೆ ಏಳುತ್ತಲೇ ಇದೆ. ಭಾರತದ ಪೌರತ್ವದ ಮಾತೇ ಬೇರೆ. ೧೯೫೫ರ ಕಾನೂನಿನ ಮೂರನೆಯ ಅನುಸೂಚಿಯ ಪ್ರಕಾರ ಅರ್ಜಿ ಹಾಕಿದ ವಿದೇಶಿಯನಿಗೆ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಯಾವುದಾದರೊಂದು ಸಾಕಷ್ಟು ತಿಳಿದಿರಬೇಕು. ಆ ಭಾಷೆ ಕನ್ನಡವೂ ಆಗಬಹುದು. ಕನ್ನಡವೊಂದನ್ನೇ ಬಲ್ಲ ಜರ್ಮನನೊಬ್ಬನು ಕನ್ನಡದ ಬಾಗಿಲಿನಿಂದಲೇ ಭಾರತವನ್ನು ಪ್ರವೇಶಿಸಬಹುದು. ನಮ್ಮ ಕಾನೂನಿನಲ್ಲಿ ಇಂಥ ಸುಂದರವಾದ ವಾಕ್ಯವಿದೆಯೆಂದು ನಮ್ಮವರಿಗೇ ಅಷ್ಟಾಗಿ ತಿಳಿದಿಲ್ಲ.

ಒಂದು ಊಹೆ ಮಾಡೋಣ. ಆ ಮೂರು ಬಗೆಯ ಜರ್ಮನ್ ಪ್ರಶ್ನೆಪತ್ರಿಕೆಗಳನ್ನು ತಂದು ಭದ್ರಾವತಿಯಲ್ಲಿ ಹಂಚಿದರೆ ಏನಾದೀತು? ಶಿವಮೊಗ್ಗೆ ತುಂಗೆಯ ದಡದ ಹಳೆಯ ಊರು. ಕೋಟೆ, ದೇವಸ್ಥಾನ, ಮಂಡಿಗಳ ಊರು. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ, ಭದ್ರೆಯ ದಡದ ಭದ್ರಾವತಿಯನ್ನು ಈಗಿನ ಭದ್ರಾವತಿಯನ್ನಾಗಿ ಮಾಡಿದ್ದು ಕಾರ್ಖಾನೆ. ೧೯೧೮ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, ೧೯೨೩ರಲ್ಲಿ ಕುಲುಮೆಯಿಂದ ಕಬ್ಬಿಣ ಹೊರಬಂತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲ ಕಾಡಿನಿಂದ ಇದ್ದಿಲು. ಕೈಗಳು ಮಾತ್ರ ನಾಲ್ಕೂ ದಿಕ್ಕಿನಿಂದ ಬಂದವು. ತಮಿಳರು ಬಂದರು, ತೆಲುಗರು ಬಂದರು, ಮಲೆಯಾಳದವರು ಬಂದರು, ಉರ್ದು ಮನೆಮಾತಿನವರು ಬಂದರು. ಬಯಲುಸೀಮೆಯ ಕನ್ನಡಿಗರೂ ಮಲೆನಾಡಿನವರಿಗೆ ಹೊಸಬರಾಗಿಯೇ ಬಂದರು. ೧೯೩೬ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇನ್ನಷ್ಟು ಜನರನ್ನು ಕರೆತಂತು.

ಅವರ ಮುಂದೆ ಮೊದಲ ಪತ್ರಿಕೆಯನ್ನಿಟ್ಟರೆ—ನಿನ್ನ ಮನೆಯಲ್ಲಿ ಏನು ನಡೆಯುತ್ತದೆ, ನಿನ್ನ ದೇವರು ಯಾರು, ನಿನ್ನ ನಿಷ್ಠೆ ಎತ್ತ ಎಂದು ಕೇಳಿದರೆ—ಊರು ಒಂದೇ ದಿನಕ್ಕೆ ಒಡೆಯುತ್ತಿತ್ತು. ಇದೇನೂ ಬರಿಯ ಊಹೆಯಲ್ಲ. ಅಂಥ ಅನುಮಾನದ ಗಾಳಿ ಬೀಸಿದಾಗಲೆಲ್ಲ ಶಿವಮೊಗ್ಗೆಯ ಅಂಗಡಿಗಳ ಬಾಗಿಲು ಹೇಗೆ ಮುಚ್ಚಿಕೊಳ್ಳುತ್ತವೆಂಬುದನ್ನು ಊರಿನವರೆಲ್ಲ ಕಂಡಿದ್ದಾರೆ. ಎರಡನ್ನಿಟ್ಟರೆ—ತಾಳಗುಂದದ ಶಾಸನದ ಕಾಲ ಯಾವುದು, ಅಲ್ಲಮಪ್ರಭುವಿನ ಊರಾವುದು ಎಂದು ಕೇಳಿದರೆ—ಕುಲುಮೆಯ ಮುಂದೆ ನಿಂತ ತಮಿಳನು ಮಾತ್ರವಲ್ಲ, ಅವನ ಪಕ್ಕದಲ್ಲಿ ನಿಂತ ಕನ್ನಡದವನೂ ಸೋಲುತ್ತಿದ್ದನು. ಮೂರನೆಯದನ್ನಿಟ್ಟರೆ? ಪುರಸಭೆಗೆ ಎಷ್ಟು ವರ್ಷಕ್ಕೊಮ್ಮೆ ಚುನಾವಣೆ, ರೇಷನ್ ಕಾರ್ಡಿಗೆ ಯಾವ ಕಚೇರಿಗೆ ಹೋಗಬೇಕು, ದೂರು ಕೊಡಬೇಕಾದ್ದು ಎಲ್ಲಿ—ಅವರೆಲ್ಲ ಗೆಲ್ಲುತ್ತಿದ್ದರು. ಹಾಗೆ ಗೆದ್ದ ಮೇಲೆ ಮಿಕ್ಕಿದ್ದನ್ನು ಯಾರೂ ಕಲಿಸದೆ ಕಲಿತರು. ಪಾಳಿಯ ಸೈರನ್ನು, ವಠಾರದ ನಲ್ಲಿ, ಮಕ್ಕಳ ಶಾಲೆ ಇವು ಅವರಿಗೆ ಕನ್ನಡ ಕಲಿಸಿದವು. ಭದ್ರಾವತಿಯ ಬೀದಿಗಳಲ್ಲಿ ಇಂದಿಗೂ ಒಂದು ಮಾತಿನಲ್ಲಿ ಮೂರು ಭಾಷೆ ಬೆರೆಯುತ್ತವೆ. ಆ ಕನ್ನಡ ನಮ್ಮ ವ್ಯಾಕರಣದ ತರಗತಿಯಲ್ಲಿ ತೇರ್ಗಡೆಯಾಗಲಾರದು. ೨೦೨೩ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ, ಅದು ನಮ್ಮ ಕಾರ್ಖಾನೆಯೆಂದು ಬೀದಿಯಲ್ಲಿ ಕುಳಿತವರು ಮಾತ್ರ ಆ ಕನ್ನಡವನ್ನು ಆಡುವವರೇ. ‘ನಮ್ಮ’ ಎಂಬ ಆ ಸರ್ವನಾಮವನ್ನು ಅವರಿಗೆ ಯಾವ ಪರೀಕ್ಷೆಯೂ ಕೊಟ್ಟಿರಲಿಲ್ಲ.

ಹಾಗಾದರೆ ನಾಡನ್ನು ಆಳವಾಗಿ ತಿಳಿಯುವುದು ಬೇಡವೆ? ಖಂಡಿತ ಬೇಕು. ಆದರೆ ಅದು ಬಾಗಿಲಿನ ಹೊರಗೆ ಕೊಡಬೇಕಾದ ಸುಂಕವಾಗಬಾರದು. ಒಳಕ್ಕೆ ಬಂದ ಮೇಲೆ ತಾನಾಗಿ ಹುಟ್ಟಬೇಕಾದ ಆಸೆಯಾಗಬೇಕು. ಇದಕ್ಕೆ ಜರ್ಮನರಲ್ಲಿಯೇ ನಮಗೆ ಹತ್ತಿರದ ನಿದರ್ಶನಗಳಿವೆ. ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಬ್ರಾಕನ್‌ಹೈಮ್ ಎಂಬ ಊರಿನಲ್ಲಿ, ಅದು ಇಂದು ಇದೇ ಬಾಡೆನ್-ವ್ಯುರ್ಟೆಂಬರ್ಗಿಗೆ ಸೇರಿದೆ. ೧೮೯೪ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟ್ಟೆಲ್ ಅವರು ೧೯೦೩ರಲ್ಲಿ ಕಣ್ಣು ಮುಚ್ಚಿದ್ದು ಸ್ಟುಟ್‌ಗಾರ್ಟಿಗೆ ಸಮೀಪದ ಟ್ಯೂಬಿಂಗನ್ನಿನಲ್ಲಿ. ಅವರು ಬಂದದ್ದು ಮತಪ್ರಚಾರದ ಕೆಲಸಕ್ಕೆ ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ ಆ ಕೆಲಸಕ್ಕೆ ಬೇಕಾದದ್ದಕ್ಕಿಂತ ನೂರು ಪಾಲು ಹೆಚ್ಚು ಅವರು ಕಲಿತರು. ಗಾದೆಗಳನ್ನು ಕೂಡಿಹಾಕಿದರು, ಒಂದು ಮಾತಿಗೆ ಹಳಗನ್ನಡದಲ್ಲಿ ಏನರ್ಥ, ಬಳಕೆಯಲ್ಲಿ ಏನರ್ಥ ಎಂದು ಹುಡುಕಿದರು. ನಮ್ಮ ಲಾಂಛನ ಯಾವುದೆಂದು ಅವರನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಪ್ರಶ್ನೆ ಹಾಕಿದವರು ಅವರೇ. ಆ ಪರೀಕ್ಷೆಗೆ ಅರುವತ್ತು ನಿಮಿಷವಲ್ಲ, ಹಲವು ದಶಕಗಳು ಹಿಡಿದವು.

ಈ ದೃಷ್ಟಿಯಿಂದ ನೋಡಿದರೆ ಸ್ಟುಟ್‌ಗಾರ್ಟಿನಲ್ಲಿ ಕುಳಿತು ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಿರುವ ಶಿವಮೊಗ್ಗೆಯ ಹುಡುಗಿ ನಿಜವಾದ ಪರೀಕ್ಷೆಯನ್ನು ಇನ್ನೂ ಆರಂಭಿಸಿಲ್ಲ. ಸಿಂಹಗಳ ಗುರುತು ಹಿಡಿದು, ಮೂರಂಕ ಗಳಿಸಿ, ಪತ್ರ ಪಡೆದುಕೊಳ್ಳಲಿ. ಅದರಲ್ಲಿ ನಗೆಪಾಟಲಾದದ್ದು ಏನೂ ಇಲ್ಲ. ನೆಕ್ಕರ್ ನದಿ ಬೇಸಗೆಯಲ್ಲಿ ಯಾವ ಬಣ್ಣ ತಾಳುತ್ತದೆ, ಮೇಲಿನ ಮನೆಯ ಅಜ್ಜಿ ಯಾವ ಯುದ್ಧದಲ್ಲಿ ಯಾರನ್ನು ಕಳೆದುಕೊಂಡಳು, ಅಂಗಡಿಯವನು ಆಡುವ ಆ ಸೀಮೆಯ ಜರ್ಮನ್ನಿಗೂ ಪುಸ್ತಕದ ಜರ್ಮನ್ನಿಗೂ ಏನು ವ್ಯತ್ಯಾಸ—ಇವನ್ನು ಮುಂದಿನ ಇಪ್ಪತ್ತು ವರ್ಷಗಳಲ್ಲಿ ತಿಳಿಯುತ್ತಾಳೆ. ಆಕೆಯನ್ನು ಇವೆಲ್ಲವನ್ನೂ ಮೊದಲೇ ಒಪ್ಪಿಸೆಂದು ಜರ್ಮನಿ ಕೇಳದಿರುವುದಕ್ಕೆ ಇಲ್ಲಿರುವ ತಾಯಿತಂದೆ ಸಂತೋಷಪಡಬೇಕು.

ಸಂತೋಷಪಟ್ಟವರ ಮೇಲೆ ಒಂದು ಹೊಣೆಯೂ ಬೀಳುತ್ತದೆ. ದುರ್ಗಿಗುಡಿಯ ಬೀದಿಯಲ್ಲಿ ಗೋಡೆ ಕಟ್ಟಲು ಬಂದ ಬಿಹಾರದ ಹುಡುಗನಿಗೂ, ಭದ್ರಾವತಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಅಸ್ಸಾಮಿನವನಿಗೂ ನಾವು ಅದೇ ಅಳತೆಗೋಲನ್ನು ಹಿಡಿಯಬೇಕಲ್ಲವೆ? ಅವರು ಕನ್ನಡ ಕಲಿಯಲಿ ಎಂದು ಬಯಸುವುದು ನ್ಯಾಯ. ನಾನು ಬಯಸುತ್ತೇನೆ, ಕಲಿಸುವುದೇ ನನ್ನ ವೃತ್ತಿ. ಆದರೆ ನಮ್ಮ ಮಗಳಿಗೆ ಹೊರಗೆ ಹತ್ತು ಸುಲಭ ಪ್ರಶ್ನೆಗಳನ್ನು ಬೇಡಿ, ನಮ್ಮ ಊರಿಗೆ ಬಂದವನಿಗೆ ನೂರು ಕಠಿಣ ಪ್ರಶ್ನೆಗಳನ್ನು ಸಿದ್ಧಮಾಡುವುದು ಯಾವ ನ್ಯಾಯ? ಪರೀಕ್ಷೆ ಇಡಲೇಬೇಕೆಂದಾದರೆ ಅದು ಚಿಕ್ಕದಾಗಿರಲಿ, ಬಹಿರಂಗವಾಗಿರಲಿ, ಅರ್ಥವಾಗುವ ಕನ್ನಡದಲ್ಲಿರಲಿ. ಉಳಿದ ಪಾಠವನ್ನು ಪಕ್ಕದ ಮನೆಯವರು ಹೇಳಿಕೊಡಲಿ. ಪುಸ್ತಕದಂಗಡಿಯ ಹಿಂದಿನ ಕಪಾಟಿನಲ್ಲಿ ಧೂಳು ಹಿಡಿದಿರುವ ಕಾದಂಬರಿಗಳನ್ನು ಯಾರಾದರೂ ಮುಂದಕ್ಕೆ ತಂದಿಟ್ಟರೆ ಅವೂ ಹೇಳಿಕೊಡುತ್ತವೆ.